ಉಸ್ರು ಕಟ್ಟೈತೆ ಸಾರ್

ಸೋಮವಾರ ಕುಣಿಗಲ್ ಕಡೆಯ ಒಂದು ರಾಗಿ ಮಾಲ್ಟ್ ಘಟಕಕ್ಕೆ ಹೋಗಿದ್ದೆ. ಮೊಳಕೆ ಮಷಿನ್ ಕೈಕೊಡುತ್ತಿದೆ, ಬಂದು ನೋಡಿ ಅಂತ ಮಾಲೀಕರು ಫೋನ್ ಮಾಡಿದ್ದರು. ಇಂಥ ಮಷಿನ್ ಡಿಸೈನ್ ಮಾಡೋದು ನನ್ನ ಕೆಲಸ, ಆದರೆ ಇದು ಬೇರೆ ಯಾರೋ ಮಾಡಿಕೊಟ್ಟಿದ್ದು. ನೋಡೋಕೆ ಬಲು ಚೆಂದ. ಗಾಜಿನ ಬಾಗಿಲು, ನೀಲಿ ಲೈಟು, ಸ್ಟೀಲ್ ಟ್ರೇಗಳು, ಅವುಗಳ ನಡುವೆ ತೇಲುವ ಮಂಜು.

ಬಾಗಿಲು ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಮಾಲೀಕರು ಡಿಸ್‌ಪ್ಲೇ ತೋರಿಸಿದರು. 27 ಡಿಗ್ರಿ, ತೇವಾಂಶ ಶೇ 98. "ಎಲ್ಲಾ ಸರಿಯಾಗೇ ಇದೆ. ಆದ್ರೂ ಅರ್ಧಕ್ಕರ್ಧ ಬೂಷ್ಟು."

ಅಲ್ಲೇ ಕೂತು ರಾಗಿ ಕೇರುತ್ತಿದ್ದ ಅಮ್ಮ ಮೊರ ಬದಿಗಿಟ್ಟು ಎದ್ದು ಬಂದರು. ಅರವತ್ತು ದಾಟಿರಬೇಕು. ಯಾರನ್ನೂ ಕೇಳಲಿಲ್ಲ. ಟ್ರೇ ನಡುವೆ ಬೆರಳು ಪೂರ್ತಿ ಇಳಿಸಿ ಒಂದು ಹಿಡಿ ಎತ್ತಿದರು. ಬೇರುಗಳು ಹೆಣೆದುಕೊಂಡು ಚಾಪೆ ತುಂಡಿನಂತೆ ಎದ್ದು ಬಂತು. ಮೂಸಿ ನೋಡಿದರು.

"ಉಸ್ರು ಕಟ್ಟೈತೆ ಸಾರ್. ಬರೀ ನೀರ್ ಕುಡಿಸ್ತಾವ್ರೆ. ಗಾಳಿ ಎಲ್ಲೈತೆ?"

"ನೀನು ಸುಮ್ನಿರಮ್ಮ, 27 ಇದೆ ನೋಡು ಅಲ್ಲಿ" ಅಂದರು ಮಾಲೀಕರು.

ನಾನು ಕಡ್ಡಿ ಥರ್ಮಾಮೀಟರ್ ತೆಗೆದು ಅಮ್ಮನ ಬೆರಳು ಹೋಗಿದ್ದ ಜಾಗಕ್ಕೇ ಚುಚ್ಚಿದೆ. 38. ಡಿಸ್‌ಪ್ಲೇಯಲ್ಲಿ ಇನ್ನೂ 27. ಸೆನ್ಸರ್ ಗೋಡೆಗೆ ಅಂಟಿಕೊಂಡು ಮಂಜನ್ನು ಅಳೆಯುತ್ತಿತ್ತು, ರಾಗಿಯನ್ನಲ್ಲ.

ವಾಪಸ್ ಬರುವಾಗ ನೆಲಮಂಗಲದ ಟ್ರಾಫಿಕ್‌ನಲ್ಲಿ ನಿಂತಿದ್ದರೂ ತಲೆಯಲ್ಲಿ ಅದೇ ಮಾತು. ಗಾಳಿ ಎಲ್ಲೈತೆ? ನೆನೆದ ಕಾಳು ಮೊಳೆಯೋಕೆ ಶುರುವಾದರೆ ನಮ್ಮ ಹಾಗೇ ಉಸಿರಾಡುತ್ತದೆ. ಆಮ್ಲಜನಕ ಎಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಬಿಸಿಯನ್ನೂ. ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟುವ ಒಂದು ಸೇರಿಗೆ ಇದು ಲೆಕ್ಕಕ್ಕಿಲ್ಲ, ಬಿಸಿ ತಾನಾಗೇ ಹೊರಗೆ ಹೋಗುತ್ತದೆ. ಕ್ವಿಂಟಲ್‌ಗಟ್ಟಲೆ ಹಾಕಿದಾಗ ಒಳಗಿನ ಬಿಸಿಗೆ ದಾರಿ ಇಲ್ಲ. ರಾಗಿಯಂತೂ ಒಂದೂವರೆ ಮಿಲಿಮೀಟರ್ ಆಸುಪಾಸು. ಕಾಳು ಕಾಳು ಅಂಟಿ ಕೂತರೆ ನಡುವೆ ಉಳಿಯುವ ಸಂದು ತೀರಾ ಸಣ್ಣದು. ಅದರ ಮೇಲೆ ಮಂಜಿನ ಹನಿ ಬಿದ್ದು ಆ ಇಷ್ಟು ಸಂದೂ ನೀರಿನಿಂದ ಮುಚ್ಚಿಹೋಯಿತು. ಮೊಳಕೆಯ ಜೊತೆಗೇ ಬೂಷ್ಟೂ ಬಂತು.

ಇದೇನು ಹೊಸ ವಿದ್ಯೆಯಲ್ಲ. ಬಿಯರ್‌ಗೆ ಬಾರ್ಲಿ ಮೊಳೆಸುವವರಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಈ ತಲೆನೋವಿತ್ತು. ನೆಲದ ಮೇಲೆ ಹರಡಿ, ಮರದ ಸಲಿಕೆಯಲ್ಲಿ ಹಗಲೂ ರಾತ್ರಿ ಮಗುಚುತ್ತಿದ್ದರು. ಫ್ರಾನ್ಸಿನ ಸಲಾದಿನ್ ಅನ್ನೋ ಇಂಜಿನಿಯರ್ ಉದ್ದನೆಯ ಪೆಟ್ಟಿಗೆ ಮಾಡಿದ. ತೂತಿನ ತಳದಿಂದ ತೇವದ ಗಾಳಿ ಮೇಲಕ್ಕೆ, ಮೇಲಿನಿಂದ ತಿರುಪುಗಳು ಓಡಾಡುತ್ತಾ ಬೇರು ಬಿಡಿಸುವುದು. ಇವತ್ತಿಗೂ ಮಾಲ್ಟ್ ಮಾಡುವವರು ಅದನ್ನು ಅವನ ಹೆಸರಲ್ಲೇ ಕರೆಯುತ್ತಾರೆ.

ಬರೀ ಫ್ಯಾನ್ ಇಟ್ಟರೂ ಆಗಲ್ಲ, ಕಾಳು ಒಣಗುತ್ತದೆ. ಗಾಳಿಯನ್ನು ಮೊದಲು ಕೂಲರ್‌ನಲ್ಲಿರುವಂಥ ಒದ್ದೆ ಪ್ಯಾಡ್ ಮೂಲಕ ಎಳೆಯಬೇಕು. ಅಲ್ಲೂ ಒಂದು ಕಿತಾಪತಿ ಇದೆ. 25 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿ ರಾಗಿಯೊಳಗೆ ಹೋಗಿ 28ಕ್ಕೆ ಬಿಸಿಯಾದರೆ ಅದರ ತೇವಾಂಶ ಶೇ 84ರ ಆಸುಪಾಸಿಗೆ ಇಳಿಯುತ್ತದೆ. ಆ ಕೊರತೆಯನ್ನು ಅದು ಕಾಳಿನಿಂದಲೇ ತುಂಬಿಕೊಳ್ಳುತ್ತದೆ. ಅದಕ್ಕೇ ಮಗುಚುವಾಗ ಒಂದಿಷ್ಟು ನೀರು ಚಿಮುಕಿಸಲೇಬೇಕು. ಆ ಅಮ್ಮನನ್ನು ಕೇಳಿದಾಗ "ಕೆದ್ಕೋವಾಗ ಎಲ್ಡ್ ಹನಿ ಚಿಮ್ಕಿಸ್ತಿದ್ವಿ" ಅಂದಿದ್ದರು. ನನ್ನ ಲೆಕ್ಕ ಅವರ ಎರಡು ಹನಿಗೇ ಬಂದು ನಿಂತಿತು.

ಆ ಮಷಿನ್ ಮಾಡಿದವನು ದಡ್ಡ ಅಂತ ನನಗೆ ಅನ್ನಿಸಲಿಲ್ಲ. ಮಂಜು ಕಣ್ಣಿಗೆ ಕಾಣುತ್ತದೆ, ಗಾಳಿ ಕಾಣಲ್ಲ. ದುಡ್ಡು ಕೊಡುವವರು ಕಂಡಿದ್ದಕ್ಕೇ ಕೊಡುತ್ತಾರೆ, ಅಲ್ವಾ? ನನಗೆ ಬೇಜಾರಾಗಿದ್ದು ಮಾಲೀಕರ ಮೇಲೆ. ಕೆಟ್ಟವರಲ್ಲ, ಟೀ ಜೊತೆ ಬಿಸಿ ಬಿಸಿ ಬೋಂಡಾನೂ ತರಿಸಿದರು. ಆದರೆ ಮನುಷ್ಯರಿಗಿಂತ ಡಿಸ್‌ಪ್ಲೇ ಜೊತೆ ಮಾತು ಜಾಸ್ತಿ. ಮಷಿನ್ ಬರುವ ಮುಂಚೆ ರಾತ್ರಿ ಎದ್ದು ರಾಗಿ ಕೆದಕುತ್ತಿದ್ದವರು ಅದೇ ಅಮ್ಮ. ನಿದ್ದೆಗೆಡುವುದು ತಪ್ಪಿತು, ಒಳ್ಳೆಯದೇ. ಆದರೆ ಕೂಲಿಯೂ ಕಮ್ಮಿಯಾಯಿತು. ಬೆರಳಿಟ್ಟು ಬಿಸಿ ಹೇಳುವ ಕೈಗೆ ಈಗ ಕೇರುವ ಕೆಲಸ ಮಾತ್ರ. ನಾನು ಬರೆಯುವ ಪ್ರತಿ ಡ್ರಾಯಿಂಗೂ ಇಂಥ ಒಂದು ಕೈಯನ್ನು ಮೂಲೆಗೆ ಕೂರಿಸುವುದಕ್ಕೇ ಇರುವುದು. ಇದನ್ನು ನನಗೆ ನಾನೇ ಬೇರೆ ಬಣ್ಣ ಹಚ್ಚಿ ಹೇಳಿಕೊಳ್ಳೋಕೆ ಈ ವಾರ ಆಗುತ್ತಿಲ್ಲ.

ನಿನ್ನೆ ಮಾಲೀಕರು ಫೋನ್ ಮಾಡಿದರು. ಕೆಳಗಿನಿಂದ ಬ್ಲೋವರ್, ಜಾಲರಿ ತಳ, ರಾಗಿಯ ನಡುವೆ ಸೆನ್ಸರ್, ಎಲ್ಲಕ್ಕೂ ಹೂಂ ಅಂದರು. "ಮಂಜು ಮಾತ್ರ ತೆಗೀಬೇಡಿ, ಬ್ಯಾಂಕಿನವರು ನೋಡೋಕೆ ಬರ್ತಾರೆ" ಅಂದರು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಮಂಜು ಎಬ್ಬಿಸುವ ಡಿಸ್ಕ್‌ಗಳು ಪದೇ ಪದೇ ಹಾಳಾಗುತ್ತಿವೆ ಅಂತ ಗೋಳಾಡಿದವರೂ ಇವರೇ. ಅದಕ್ಕೊಂದು ಬೇರೆ ಸ್ವಿಚ್ ಕೊಡ್ತೀನಿ, ಬ್ಯಾಂಕಿನವರು ಬಂದಾಗ ಹಾಕ್ಕೊಳ್ಳಿ ಅಂದೆ.

ಮೊದಲ ಬ್ಯಾಚ್ ತೆಗೆಯುವವರೆಗೂ ಆ ಅಮ್ಮ ಮಷಿನ್ ಹತ್ತಿರವೇ ಇರಬೇಕು ಅಂತಲೂ ಕೇಳಿದೆ. "ಅವರ ಕೂಲಿ ಯಾರು ಕೊಡೋದು?" ಅಂದರು. ಕೊಟೇಶನ್‌ನಲ್ಲಿ ಬ್ಲೋವರ್‌ನ ಕೆಳಗಿನ ಸಾಲಿಗೇ ಅದನ್ನೂ ಸೇರಿಸಿ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.