ಮಂಡ್ಯಗೆ ಹೋಗಿ ಮಂಡ್ಯಕ್ಕೆ ಆಯಿತು: ಅಡುಗೆಮನೆ ರೈಲು ಬೋರ್ಡು, ವರದಿ 7

ನಿನ್ನೆ ರಾತ್ರಿ 11:40ಕ್ಕೆ ನಮ್ಮ ಅಡುಗೆಮನೆ ಗೋಡೆಯ ಬೋರ್ಡು ಕೊನೆಗೂ ‘ಮಂಡ್ಯಕ್ಕೆ’ ಎಂದಿತು. ನಾಲ್ಕು ತಿಂಗಳ ಹಿಂದೆ ಅದು ‘ಮಂಡ್ಯಗೆ’ ಎನ್ನುತ್ತಿತ್ತು. ಒಂದು ‘ಕ್ಕೆ’ಗೆ ನಾಲ್ಕು ತಿಂಗಳು! ಆಫೀಸಿನಲ್ಲಿ ಈ ಲೆಕ್ಕ ಕೊಟ್ಟಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಹಳೆಯ ವರದಿ ಓದದವರಿಗೆ ನಾಲ್ಕು ಮಾತು. 7.5 ಇಂಚಿನ ಇ-ಪೇಪರ್ ಪರದೆ, ಹಿಂದೆ ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ, ಅದರಲ್ಲಿ ಒಂದು ಓಪನ್ ಸೋರ್ಸ್ ರೈಲು ಬೋರ್ಡಿನ ಆ್ಯಪ್. ವೇಳಾಪಟ್ಟಿಯನ್ನು ನಾನೇ ಇಂಥ ಆ್ಯಪ್‌ಗಳು ಓದುವ ಜಿಟಿಎಫ್‌ಎಸ್ ರೂಪಕ್ಕೆ ಇಳಿಸಿಕೊಂಡಿದ್ದೇನೆ. ಹೆಂಡತಿ ದಿನಾ ಮೈಸೂರಿನಿಂದ ಮಂಡ್ಯಕ್ಕೆ ಕೆಲಸಕ್ಕೆ ಹೋಗುತ್ತಾಳೆ, ತಿಂಡಿ ತಿನ್ನುತ್ತಲೇ ರೈಲು ನೋಡಿಕೊಳ್ಳಲಿ ಅಂತ ಶುರುವಾದದ್ದು. ಆ್ಯಪ್ ಬರೆದವರು ಯುರೋಪಿನವರು. ಕನ್ನಡ ತಂಡಕ್ಕೆ ನಾನು ಸಂಯೋಜಕ. ತಂಡ ಎಂದರೆ ನಾನು, ಮಂಡ್ಯದಲ್ಲಿರುವ ಒಬ್ಬ ಗೆಳೆಯ, ಮತ್ತು ಯುಗಾದಿಯಿಂದ ಈಚೆಗೆ ಸುದ್ದಿಯೇ ಇಲ್ಲದ ಇನ್ನೊಬ್ಬ. ಸಂಯೋಜಕ ಎಂದರೆ ವಾಟ್ಸಾಪ್‌ನಲ್ಲಿ ‘ಆಯ್ತಾ?’ ಅಂತ ಕೇಳುತ್ತಾ ಇರುವವನು.

ತಮಾಷೆ ಏನೆಂದರೆ, ಹಗಲು ಹೊತ್ತು ಸಂಬಳಕ್ಕೆ ಮಾಡುವುದೂ ಇದೇ ಕೆಲಸ. ಹೊರದೇಶದ ಕಂಪನಿಗಳ ಸಾಫ್ಟ್‌ವೇರನ್ನು ಹತ್ತಾರು ಭಾಷೆಗೆ ಇಳಿಸುವ ಪ್ರಾಜೆಕ್ಟು ನೋಡಿಕೊಳ್ಳುವುದು. ಅಲ್ಲೂ ನಾವು ಆಫ್‌ಶೋರ್, ಮನೆಗೆ ಬಂದರೆ ಇಲ್ಲೂ ಆಫ್‌ಶೋರ್. ಒಂದೇ ವ್ಯತ್ಯಾಸ, ಮನೆಯಲ್ಲಿ ಟೈಮ್‌ಶೀಟ್ ಇಲ್ಲ.

ಮೊದಲು ಸರಬರಾಜುದಾರರ ಪುರಾಣ ಮುಗಿಸಿಬಿಡುತ್ತೇನೆ. ಕಪ್ಪು-ಬಿಳುಪು ಪರದೆ ಆರ್ಡರ್ ಮಾಡಿದ್ದೆ, ಬಂದದ್ದು ಕೆಂಪೂ ಇರುವ ಮೂರು ಬಣ್ಣದ್ದು. ‘ಸರ್, ನಿಮಗೆ ಒಂದು ಬಣ್ಣ ಜಾಸ್ತಿನೇ ಸಿಕ್ಕಿದೆಯಲ್ಲ’ ಅಂದರು ಅಂಗಡಿಯವರು. ಸಿಕ್ಕಿದೆ ನಿಜ. ಆದರೆ ಪ್ರತಿ ಸಲ ಪರದೆ ಬದಲಾಗುವುದಕ್ಕೆ ಹದಿನೈದು ಸೆಕೆಂಡಿಗಿಂತ ಜಾಸ್ತಿ ಬೇಕು, ಅಷ್ಟು ಹೊತ್ತೂ ಅದು ದಸರಾ ದೀಪಾಲಂಕಾರದ ಹಾಗೆ ಮಿನುಗುತ್ತದೆ. ವಾಪಸ್ ಕಳಿಸೋಣ ಅಂದರೆ ಕೊರಿಯರ್ ಖರ್ಚು ನಮ್ಮದೇ ಅಂತೆ. ಇಟ್ಟುಕೊಂಡೆ.

ಇನ್ನೊಬ್ಬ ಮಹಾನುಭಾವರು ಒಂದು ಅನುವಾದ ಏಜೆನ್ಸಿ. ನಾವು ಸೇರುವ ಮುಂಚೆ ಆ್ಯಪ್‌ನವರು ಯಾರಿಗೋ ದುಡ್ಡು ಕೊಟ್ಟು ಮೊದಲ ಕನ್ನಡ ಫೈಲು ಮಾಡಿಸಿದ್ದರು. ಅದನ್ನು ತೆರೆದ ದಿನ ಗೆಳೆಯನೂ ನಾನೂ ಅರ್ಧ ಗಂಟೆ ನಕ್ಕಿದ್ದೇವೆ. ಟ್ರೈನ್ ಅನ್ನುವುದು ‘ತರಬೇತಿ’. ಪ್ಲಾಟ್‌ಫಾರ್ಮ್ ‘ವೇದಿಕೆ’. ಲೇಟ್ ಅನ್ನುವುದು ‘ದಿವಂಗತ’. ಅಂದರೆ ನಮ್ಮ ಬೋರ್ಡು ಮೊದಲ ದಿನ ಹೇಳಿದ್ದು: ಮೈಸೂರು ತರಬೇತಿ, ವೇದಿಕೆ 2, 10 ನಿಮಿಷ ದಿವಂಗತ. ತಪ್ಪು ಪೂರ್ತಿ ಏಜೆನ್ಸಿಯದೂ ಅಲ್ಲ ಬಿಡಿ. ಹಿಂದೆ ಮುಂದೆ ಏನೂ ಹೇಳದೆ ಒಂಟಿ ಪದಗಳನ್ನು ಎಕ್ಸೆಲ್‌ನಲ್ಲಿ ಸುರಿದು ಕಳಿಸಿದರೆ ಯಾರೇ ಆದರೂ ಎಡವುತ್ತಾರೆ. ಆದರೂ ‘ದಿವಂಗತ’ ಅಂತ ಟೈಪ್ ಮಾಡುವಾಗ ಒಂದು ಸಲ ಕೈ ನಡುಗಬೇಡವೇ?

ಬಹುವಚನದಲ್ಲೂ ಒಂದು ಸಣ್ಣ ಹಳ್ಳಕ್ಕೆ ಬಿದ್ದೆವು. ‘ಇನ್ನು ಇಷ್ಟು ನಿಮಿಷದಲ್ಲಿ’ ಅನ್ನುವ ಸಾಲಿಗೆ ಒಂದು ಮತ್ತು ಇತರೆ ಅಂತ ಎರಡು ಖಾನೆ. ಒಂದರ ಖಾನೆಯಲ್ಲಿ ಗೆಳೆಯ, ಆ್ಯಪ್ ಅಂಕಿ ತುಂಬುವ ಗುರುತನ್ನು ಬಿಟ್ಟು, ಅಂದವಾಗಿ ‘ಒಂದು ನಿಮಿಷದಲ್ಲಿ’ ಎಂದು ಅಕ್ಷರದಲ್ಲೇ ಬರೆದ. ಸಿಎಲ್‌ಡಿಆರ್ (ಸಾಫ್ಟ್‌ವೇರ್‌ಗಳು ಬಳಸುವ ಭಾಷಾ ಮಾಹಿತಿಯ ಕೋಶ) ನಿಯಮದಲ್ಲಿ ಕನ್ನಡಕ್ಕೆ ಸೊನ್ನೆಯೂ ಒಂದರ ಖಾನೆಗೇ ಬರುತ್ತದೆ. ಹಿಂದಿ, ಗುಜರಾತಿ, ಬಂಗಾಳಿಗೂ ಹಾಗೇ. ಹೀಗಾಗಿ ರೈಲು ಹೊರಡುವ ಹೊತ್ತಿಗೆ ಸರಿಯಾಗಿ ಬೋರ್ಡು ‘ಒಂದು ನಿಮಿಷದಲ್ಲಿ’ ಎನ್ನುತ್ತಿತ್ತು. ಖಾನೆಯ ಹೆಸರು ಒಂದು ಅಂತಿದ್ದರೂ ಒಳಗೆ ಅಂಕಿಯ ಗುರುತು ಇರಲೇಬೇಕು. ಅರ್ಧ ದಿನದಲ್ಲಿ ಸರಿಹೋಯಿತು.

ಸರಿಹೋಗದೆ ಕಾಡಿದ್ದು ‘ಗೆ’.

ಮೂಲದಲ್ಲಿ ಇರುವುದು ‘ಇಂಥ ಊರಿಗೆ ಮುಂದಿನ ರೈಲು’ ಅನ್ನುವ ಸಾಲು. ಊರಿನ ಹೆಸರಿನ ಜಾಗದಲ್ಲಿ ಒಂದು ಗೂಡು, ರೈಲು ನೋಡಿಕೊಂಡು ಆ್ಯಪ್ ಅದರಲ್ಲಿ ಹೆಸರು ತುಂಬುತ್ತದೆ. ಇಂಗ್ಲಿಷಿನವರಿಗೆ ಹೆಸರಿನ ಮುಂದೆ ಎರಡಕ್ಷರದ ಪದ ಇಟ್ಟರೆ ಕೆಲಸ ಮುಗಿಯಿತು. ನಾವು ಗೂಡಿನ ಬೆನ್ನಿಗೆ ‘ಗೆ’ ಅಂಟಿಸಿದೆವು. ಬಿಡದಿಗೆ, ಕೆಂಗೇರಿಗೆ, ಹನಕೆರೆಗೆ, ಆಹಾ! ಆಮೇಲೆ ಬಂತು ನೋಡಿ: ಮೈಸೂರುಗೆ, ಮದ್ದೂರುಗೆ, ರಾಮನಗರಗೆ, ಮಂಡ್ಯಗೆ.

ಆ ವಾರ ಪಾಂಡವಪುರದಿಂದ ಸೋದರಮಾವ ಬಂದಿದ್ದರು, ಒಂದು ಚೀಲ ಅಚ್ಚು ಬೆಲ್ಲ ಹೊತ್ತುಕೊಂಡು. ಬೋರ್ಡು ನೋಡಿ ಕಾಫಿ ಲೋಟ ಕೆಳಗಿಟ್ಟರು.

“ಏನ್ಲಾ ಇದು, ಮಂಡ್ಯಗೆ? ಕಾವ್ಯಗೆ, ವಿದ್ಯಾಗೆ ಅಂದಂಗೆ! ಮಂಡ್ಯ ಅನ್ನೋಳು ಯಾರ್ಲಾ?”

“ಸಾಫ್ಟ್‌ವೇರ್ ಹಂಗೆ ಹೇಳುತ್ತೆ ಮಾವ.”

“ಅದ್ಕೇನ್ ಗೊತ್ತು? ನಿಂಗೊತ್ತಿಲ್ವಾ?”

ಮಾವ ನಗಿಸೋಕೆ ಹೇಳಿದ್ದು, ನನ್ನ ನಿದ್ದೆ ಹೋಯಿತು. ಕಾವ್ಯ ಅನ್ನುವುದು ಹುಡುಗಿಯಾದರೆ ಕಾವ್ಯಗೆ, ಪದ್ಯವಾದರೆ ಕಾವ್ಯಕ್ಕೆ. ಅಕ್ಷರ ಅದೇ, ಬಾಲ ಬೇರೆ. ಇದನ್ನು ಯಾವ ಕೋಡಿಗೆ ಹೇಳಿಕೊಡುವುದು?

ಮೊದಲು ಸುಲಭದ ದಾರಿ ಹಿಡಿದೆ. ‘ಮಂಡ್ಯ ಕಡೆಗೆ’, ‘ಮೈಸೂರು ಕಡೆಗೆ’. ಪ್ರತ್ಯಯದ ಗೋಜಿಲ್ಲ, ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವ ಉಪಾಯ. ಹೆಂಡತಿ ಎರಡನೇ ದಿನವೇ ತಕರಾರು ತೆಗೆದಳು. “ಮಂಡ್ಯ ಕಡೆಗೆ ಹೋಗೋದು ಬೇರೆ, ಮಂಡ್ಯಕ್ಕೆ ಹೋಗೋದು ಬೇರೆ. ಅಲ್ಲಿ ನಿಲ್ಲುತ್ತೋ ಇಲ್ವೋ, ಅದು ಹೇಳಿ.” ಅವಳ ಮಾತು ಸರಿ. ಆಮೇಲೆ ‘ಊರು: ಮಂಡ್ಯ’ ಎಂದು ಮಾಡಿ ನೋಡಿದೆ. ಅಡುಗೆಮನೆಯಲ್ಲಿ ತಾಲ್ಲೂಕು ಕಚೇರಿಯ ಅರ್ಜಿ ನೇತುಹಾಕಿದ ಹಾಗಿತ್ತು. ಒಂದೇ ದಿನಕ್ಕೆ ತೆಗೆದೆ.

ಮೂರನೆಯದು ನನ್ನ ಜಂಬದ ದಾರಿ, ಕೋಡು. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆ ಅಲ್ವಾ? ಚತುರ್ಥಿಗೆ ಗೆ, ಇಗೆ, ಕ್ಕೆ, ಅಕ್ಕೆ. ಅದನ್ನೇ ಪೈಥಾನ್‌ಗೆ ಇಳಿಸಿದೆ. ಹೆಸರಿನ ಕೊನೆಯಲ್ಲಿ ಇ ಅಥವಾ ಎ ಇದ್ದರೆ ಗೆ. ಉ ಇದ್ದರೆ ಅದನ್ನು ಕಿತ್ತು ಇಗೆ. ಅ ಇದ್ದರೆ ಕ್ಕೆ. ನಲವತ್ತು ಸಾಲು. ಮೈಸೂರಿಗೆ, ಮದ್ದೂರಿಗೆ, ರಾಮನಗರಕ್ಕೆ, ಶ್ರೀರಂಗಪಟ್ಟಣಕ್ಕೆ, ಎಲ್ಲ ಹೂವಿನ ಹಾಗೆ ಬಂತು. ಆ ರಾತ್ರಿ ನಾನು ವ್ಯಾಕರಣ ಬರೆದ ಕೇಶಿರಾಜನ ಮೊಮ್ಮಗನೇ ಅನ್ನಿಸಿತು.

ಬೆಳಿಗ್ಗೆ ಬೋರ್ಡಿನಲ್ಲಿ ‘ಅಶೋಕಪುರಂಕ್ಕೆ’ ಅಂತಿತ್ತು.

ಮೈಸೂರಿನವರಿಗೆ ಗೊತ್ತು, ಈಗ ಕೆಲವು ರೈಲುಗಳು ಅಶೋಕಪುರಂವರೆಗೂ ಹೋಗುತ್ತವೆ. ಕೊನೆಯ ಸೊನ್ನೆಯನ್ನು ನನ್ನ ಕೋಡು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದನ್ನು ಸರಿಮಾಡಿದೆ. ಅಷ್ಟರಲ್ಲಿ ಗೆಳೆಯ ಮೆಸೇಜ್ ಹಾಕಿದ: ‘ನಿನ್ನ ಕೋಡಿಗೆ ಮೂರು ಅಂತ ಕೊಟ್ಟು ನೋಡು.’ ಕೊಟ್ಟೆ. ‘ಮೂರಿಗೆ’ ಅಂದಿತು. ಮೈಸೂರು, ಮೂರು, ಎರಡರ ಕೊನೆಗೂ ‘ರು’. ಒಂದು ಮೈಸೂರಿಗೆ, ಇನ್ನೊಂದು ಮೂರಕ್ಕೆ. ಬಾಯಿಪಾಠದ ನಾಲ್ಕನೇ ‘ಅಕ್ಕೆ’ ಯಾಕಿದೆ ಅಂತ ನಲವತ್ತೆರಡನೇ ವಯಸ್ಸಿನಲ್ಲಿ ಅರ್ಥವಾಯಿತು. ಸಂಖ್ಯೆಯೋ ಊರೋ ಅನ್ನುವುದು ಅಕ್ಷರ ನೋಡಿದರೆ ಗೊತ್ತಾಗುವುದಿಲ್ಲ, ಅರ್ಥ ಗೊತ್ತಿರಬೇಕು.

ಆದರೂ ಆ ನಲವತ್ತು ಸಾಲನ್ನು ಮೂಲ ಯೋಜನೆಗೆ ಕಳಿಸಿದೆ. ಎಲ್ಲ ಭಾಷೆಗಳನ್ನು ನೋಡಿಕೊಳ್ಳುವವರು ಇಂಗ್ಲೆಂಡಿನಲ್ಲಿದ್ದಾರೆ. ಬೇಸಿಗೆಯಲ್ಲಿ ಅವರಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ. ಅವರು ಸಂಜೆ ಆರಕ್ಕೆ ಆಫೀಸು ಮುಗಿಸಿ ಕೂತರೆ ಇಲ್ಲಿ ಹತ್ತೂವರೆ, ನಾನು ಹಾಲಿಗೆ ಹೆಪ್ಪು ಹಾಕುವ ಹೊತ್ತು. ಒಂದು ಪ್ರಶ್ನೆ, ಒಂದು ಉತ್ತರ, ಒಂದು ದಿನ. ಒಂಬತ್ತು ದಿನ ಎಳೆದಾಡಿ ಟಿಕೆಟ್ (ನನ್ನ ಕೋರಿಕೆಯ ಕಡತ) ಮುಚ್ಚಿದರು: ಒಂದೊಂದು ಭಾಷೆಗೆ ಬೇರೆ ಕೋಡು ಹಾಕುವುದಿಲ್ಲ, ಅನುವಾದದ ಫೈಲಿನಲ್ಲೇ ಏನಾದರೂ ಮಾಡಿಕೊಳ್ಳಿ. ಸಿಟ್ಟು ಬಂತು. ಮಾರನೇ ದಿನ ಇಳಿಯಿತು. ಆಫೀಸಿನಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನಲವತ್ತು ಭಾಷೆಯವರು ತಲೆಗೆ ನಲವತ್ತು ಸಾಲು ತಂದರೆ ಅದನ್ನು ಸಾಕುವವರು ಯಾರು?

ಉತ್ತರ ಕಾಯುವ ಆ ಒಂಬತ್ತು ದಿನ ಕೈ ಸುಮ್ನೆ ಇರಲಿಲ್ಲ. ಮುಂದಿನ ಯೋಜನೆ ಹುಟ್ಟಿತು: ಇದೇ ಪರದೆಯ ಮೂಲೆಯಲ್ಲಿ ಕೆಆರ್‌ಎಸ್ ನೀರಿನ ಮಟ್ಟ. ಮಳೆಗಾಲದಲ್ಲಿ ಮಾವ ಫೋನ್ ಮಾಡಿದರೆ ಮೊದಲ ಮಾತೇ ‘ಕಟ್ಟೆ ಎಷ್ಟಾಯ್ತಂತೆ?’ ಪೂರ್ತಿ ಮಟ್ಟ 124.80 ಅಡಿ. ಆ ಕೆಂಪು ಬಣ್ಣ ಸುಮ್ಮನೆ ಕೂತಿದೆಯಲ್ಲ, ಕಟ್ಟೆ ತುಂಬುತ್ತಾ ಬಂದರೆ ಅಂಕಿ ಕೆಂಪಾಗಲಿ. ಅಲ್ಲೂ ಬಹುವಚನದ ಖಾನೆ ಬಾಯಿ ತೆರೆದು ಕೂತಿರುತ್ತದೆ, ‘ಅಡಿಗಳು’ ಅಂತ ತುಂಬಿ ಅಂತ. ತುಂಬುವುದಿಲ್ಲ. ಕಟ್ಟೆ ನೂರು ಅಡಿ ಇದ್ದರೂ ನೂರು ಅಡಿಯೇ. ಇದು ದಸರಾ ಆದಮೇಲೆ.

ಸರಿ, ‘ಗೆ’ಗೆ ವಾಪಸ್. ಮುಚ್ಚಿದ ಟಿಕೆಟಿನ ಕೆಳಗೆ ಹತ್ತು ದಿನ ಬಿಟ್ಟು ಫಿನ್‌ಲೆಂಡಿನ ಅನುವಾದಕರೊಬ್ಬರು ಒಂದು ಸಾಲು ಬರೆದರು: ನಮ್ಮ ಫೈಲು ನೋಡಿದ್ದೀರಾ?

ನೋಡಿರಲಿಲ್ಲ. ನೋಡಿದೆ. ಅವರ ಭಾಷೆಯಲ್ಲಿ ಹದಿನೈದು ವಿಭಕ್ತಿ. ನಾವು ಏಳಕ್ಕೇ ಅಳುತ್ತಿದ್ದೇವೆ. ಹೆಲ್ಸಿಂಕಿಗೆ ಅನ್ನಲು ಅವರು ಹೆಲ್ಸಿಂಕೀನ್ ಅನ್ನುತ್ತಾರೆ, ಟುರ್ಕುಗೆ ಟುರ್ಕೂನ್. ಆದರೆ ತಾಂಪೆರೆ ಎಂಬ ಊರಿಗೆ ಮಾತ್ರ ತಾಂಪೆರೇಲ್ಲೆ, ಆ ವಿಭಕ್ತಿಯೇ ಬೇರೆ. ಯಾವ ಊರಿಗೆ ಯಾವುದು ಅನ್ನುವುದು ಬಳಕೆಯಿಂದಲೇ ಬರಬೇಕು. ಮೈಸೂರಿಗೆ, ಮಂಡ್ಯಕ್ಕೆ ಅನ್ನುವುದರ ಅಣ್ಣತಮ್ಮ! ಆ ಪುಣ್ಯಾತ್ಮರು ಎರಡು ವರ್ಷದ ಹಿಂದೆಯೇ ಪ್ರತಿ ನಿಲ್ದಾಣಕ್ಕೂ ‘ಅಲ್ಲಿಗೆ’, ‘ಅಲ್ಲಿಂದ’, ‘ಅಲ್ಲಿ’ ಅಂತ ಮೂರು ಬೇರೆ ಕೀಲಿ, ಅಂದರೆ ಫೈಲಿನಲ್ಲಿ ಒಂದೊಂದು ರೂಪಕ್ಕೂ ಒಂದು ಸಾಲು, ಸೇರಿಸಿದ್ದರು. ಕೀಲಿ ಇದ್ದರೆ ಆ್ಯಪ್ ಅದನ್ನು ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ಬರೀ ಹೆಸರು. ಒಂದು ಭಾಷೆಗೆ ಅಂತ ಬೇರೆ ಕೋಡು ಇಲ್ಲವೇ ಇಲ್ಲ, ಬರೀ ಪಟ್ಟಿ. ಎಲ್ಲ ಕೆಲಸ ಮಾಡುತ್ತಿತ್ತು, ಕೈಪಿಡಿಯಲ್ಲಿ ಮಾತ್ರ ಒಂದಕ್ಷರ ಇರಲಿಲ್ಲ. ಟಿಕೆಟ್ ಮುಚ್ಚಿದವರಿಗೂ ಗೊತ್ತಿರಲಿಲ್ಲ!

ಭಾನುವಾರ ಕೂತು ಪಟ್ಟಿ ತುಂಬಿದೆ. 24 ನಿಲ್ದಾಣ, 72 ಸಾಲು, ಎರಡು ಲೋಟ ಕಾಫಿ. ಮಂಡ್ಯಕ್ಕೆ, ಮಂಡ್ಯದಿಂದ, ಮಂಡ್ಯದಲ್ಲಿ. ಕೆಂಗೇರಿಗೆ, ಕೆಂಗೇರಿಯಿಂದ, ಕೆಂಗೇರಿಯಲ್ಲಿ. ನಿಯಮ ಬೇಡ, ಕೋಡು ಬೇಡ. ಮಾವ ಹೇಳಿದ್ದು ಸರಿ, ನನಗೆ ಗೊತ್ತಿತ್ತು.

ಮುಗಿಯಿತು ಅಂದುಕೊಂಡಿರಾ? ನಾನೂ ಅಂದುಕೊಂಡೆ. ಬಿಲ್ಡ್ ಆಗಿ, ಅಂದರೆ ಆ್ಯಪ್‌ನ ಹೊಸ ಆವೃತ್ತಿ ಸಿದ್ಧವಾಗಿ, ಬಂದಾಗ ‘ಕಂಟೋನ್ಮೆಂಟ್‌ಗೆ’ ಅನ್ನುವುದು ‘ಕಂಟೋನ್ಮೆಂಟ್ಗೆ’ ಆಗಿತ್ತು. ಮೊದಲು ಪರದೆಗೆ ಅಕ್ಷರ ಬಿಡಿಸುವ ಪಿಲ್ಲೋ ಎಂಬ ಲೈಬ್ರರಿ ಮೇಲೆ ಅನುಮಾನ ಬಂತು. ಲಿಬ್‌ರಾಕ್ಮ್ ಎಂಬ ಇನ್ನೊಂದು ಲೈಬ್ರರಿ ಜೊತೆಗಿಲ್ಲದೆ ಅದು ನಮ್ಮ ಒತ್ತಕ್ಷರಗಳನ್ನು ಚಿಂದಿ ಮಾಡುತ್ತದೆ. ಆದರೆ ಇಲ್ಲಿ ಒತ್ತು ಸರಿಯಾಗೇ ಕೂತಿತ್ತು, ಕೂರಬಾರದ ಕಡೆ. ಎರಡು ರಾತ್ರಿ ಹುಡುಕಿದ ಮೇಲೆ ಕಳ್ಳ ಸಿಕ್ಕಿದ. ಅನುವಾದಗಳನ್ನು ಸೇರಿಸಿಕೊಳ್ಳುವ ಮುಂಚೆ ‘ಕಣ್ಣಿಗೆ ಕಾಣದ ಕಸ’ ಗುಡಿಸುವ ಒಂದು ಸ್ಕ್ರಿಪ್ಟ್ ಇದೆ. ಟ್ ಮತ್ತು ಗೆ ನಡುವೆ ಒತ್ತಕ್ಷರ ಆಗದಿರಲಿ ಅಂತ ನಾವು ಹಾಕುವ ಕಾಣದ ಗುರುತು, ಜೀರೋ ವಿಡ್ತ್ ನಾನ್ ಜಾಯ್ನರನ್ನೂ ಅದು ಕಸ ಅಂತ ಗುಡಿಸುತ್ತಿತ್ತು. ಈ ಸಲ ಟಿಕೆಟ್ ಬರೆಯುವಾಗ ಜಾಣನಾದೆ. ಕನ್ನಡದ ಜೊತೆ ಪರ್ಷಿಯನ್ನಿಗೂ ಇದು ಬೇಕೇ ಬೇಕು ಅಂತ ಸೇರಿಸಿದೆ. ಎರಡು ಭಾಷೆಯ ದೂರು ಅಂದರೆ ತೂಕ ಬೇರೆ. ಎರಡೇ ದಿನದಲ್ಲಿ ಸರಿಮಾಡಿದರು. ನಿನ್ನೆ ರಾತ್ರಿ ಹೊಸ ಬಿಲ್ಡ್ ಬಂತು.

ಬೋರ್ಡಿನ ಫೋಟೋ ಮಾವನಿಗೆ ಆಗಲೇ ಕಳಿಸಿದೆ. ಬೆಳಿಗ್ಗೆ ಐದೂವರೆಗೆ ಫೋನ್ ಬಂತು.

“ಈಗ್ ಸರ್ಯಾಗದೆ ಕಣ್ಲಾ. ಅಲ್ಲಾ, ಪಾಂಡವಪುರಕ್ಕೆ ಅಂತ ಎಲ್ಲೂ ಇಲ್ವಲ್ಲ?”

ಪಟ್ಟಿಯಲ್ಲಿ ಇದೆ. ಪರದೆಯಲ್ಲಿ ನಾಲ್ಕೇ ಸಾಲು ಹಿಡಿಯುವುದು. ಐದನೆಯದಕ್ಕೆ ಜಾಗ ಹುಡುಕುತ್ತಿದ್ದೇನೆ.