ರಾಮನ್ ನಿಜವಾಗ್ಲೂ ಹಾಗೆ ಮಾಡಿದ್ರಾ?

ಹೌದು, ಮಾಡಿದ್ರು. ಮುಗೀತಲ್ವಾ?

ಮುಗಿಯೋದಿಲ್ಲ, ಗೊತ್ತು. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಬಗ್ಗೆ ಎಲ್ಲಿ ಮಾತಾಡಿದರೂ ಮೊದಲು ಬರೋದು ಇದೇ ಪ್ರಶ್ನೆ: ಹೆಣ್ಣು ಅನ್ನೋ ಕಾರಣಕ್ಕೆ ಸಿ.ವಿ. ರಾಮನ್ ಅವರನ್ನು ಸೇರಿಸಿಕೊಳ್ಳಲ್ಲ ಅಂದ್ರಾ ಅಂತ. ಬಾಯಲ್ಲಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ.

1933. ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಎಲ್ಲರಿಗಿಂತ ಮೇಲೆ ಬಂದ ಕಮಲಾ ಭಾಗವತ್ (ಸೊಹೋನಿ ಆಗಿದ್ದು ಮದುವೆಯಾದ ಮೇಲೆ), ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಅರ್ಜಿ ಹಾಕಿದರು. ಅವರಪ್ಪ ಅಲ್ಲೇ ಓದಿದ ಕೆಮಿಸ್ಟ್. ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳೋದಿಲ್ಲ ಅಂದರು. ಕಮಲಾ ಬಂದು ಪಟ್ಟು ಹಿಡಿದು ಕೂತರು. ಕೊನೆಗೆ ಸಿಕ್ಕಿದ್ದು ಒಂದು ವರ್ಷದ ಪರೀಕ್ಷಾರ್ಥ ಪ್ರವೇಶ. ಕೆಲಸ ಮೆಚ್ಚಿಗೆಯಾದರಷ್ಟೇ ಕಾಯಂ. ಲ್ಯಾಬಿನ ವಾತಾವರಣ ಬೇರೆ ಕೆಡಿಸಬಾರದಂತೆ! ವರ್ಷ ಕಳೆದ ಮೇಲೆ ರಾಮನ್ ಒಪ್ಪಿಕೊಂಡರು ಅನ್ನೋದೂ ನಿಜ. ಆ ಅವಮಾನ ಮರೆಯೋಕಾಗಲಿಲ್ಲ ಅಂತ ವಯಸ್ಸಾದ ಮೇಲೆ ಕಮಲಾ ಅವರೇ ಹೇಳಿದ್ದಾರೆ.

ಈಚೆಗೆ ಒಂದು ಕಾಲೇಜಿನಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಮೇಡಂ, ಅಷ್ಟು ದೊಡ್ಡವರು. ಏನೋ ಕಾರಣ ಇದ್ದಿರುತ್ತೆ ಅಲ್ವಾ?" ಅಂದರು.

ಇತ್ತು ಸಾರ್. ಆಕೆ ಹೆಂಗಸು.

ಹಾಗಂದಿದ್ದಕ್ಕೆ ಸಭೆ ನಕ್ಕಿತು. ಅವರು ಮುಖ ಗಂಟಿಕ್ಕಿ ಕೂತರು. ರಾಮನ್ ಮೇಲೆ ನನಗೇನೂ ಹಗೆ ಇಲ್ಲ ಮಾರಾಯ್ರೇ, ಬೆಳಕಿನ ಪಾಠ ಮಾಡುವಾಗ ಅವರ ಹೆಸರನ್ನು ನಾನೂ ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಅವತ್ತು ಮೇಜಿನ ಮೇಲೆ ಒಂದು ಆಲೂಗಡ್ಡೆ ಇಟ್ಟಿದ್ದೆ. ಅದು ಯಾಕೆ ಅಲ್ಲಿದೆ ಅಂತ ಒಬ್ಬರಾದರೂ ಕೇಳಬಾರದೇ?

ಕೇಳಿಲ್ಲ, ಆದರೂ ಹೇಳ್ತೀನಿ. ಬುಟ್ಟಿಯಲ್ಲಿ ಸುಮ್ನೆ ಬಿದ್ದಿರೋ ಆಲೂಗಡ್ಡೆ ಉಸಿರಾಡುತ್ತೆ. ಮೊಳಕೆ ಬರೋಕೆ ಬೇಕಾದ ಶಕ್ತಿ ಸಿಗೋದು ಅದರಿಂದಲೇ. ಉಸಿರಾಟಕ್ಕೆ ಬೇಕಾದ ಒಂದು ಪುಟ್ಟ ಪ್ರೋಟೀನ್ ಸೈಟೋಕ್ರೋಮ್ ಸಿ. ಅದರೊಳಗೆ ಕಬ್ಬಿಣ ಇದೆ, ಬಣ್ಣ ಕೆಂಪು. ಎಲೆಕ್ಟ್ರಾನ್‌ಗಳನ್ನು ಒಂದು ಕಡೆಯಿಂದ ಇಸಕೊಂಡು ಇನ್ನೊಂದು ಕಡೆ ದಾಟಿಸೋದು ಅದರ ಕೆಲಸ. ಪ್ರಾಣಿಗಳಲ್ಲಿ, ಯೀಸ್ಟ್‌ನಲ್ಲಿ ಅದು ಇರೋದು ಮೊದಲೇ ಗೊತ್ತಿತ್ತು. ಕೇಂಬ್ರಿಜ್‌ಗೆ ಹೋದ ಕಮಲಾ ಅದನ್ನು ಆಲೂಗಡ್ಡೆಯಲ್ಲಿ ಕಂಡುಹಿಡಿದರು. ಕತ್ತರಿಸಿದರೆ ಕೆಂಪು ಕಾಣಿಸೋದಿಲ್ಲ, ಅಷ್ಟು ಕಡಿಮೆ ಇರುತ್ತೆ. ಅಂಥದ್ದನ್ನು ಹಿಡಿಯೋದು ಮಾತಲ್ಲ. ಅಂದರೆ ನಾವೂ ಪಲ್ಯದ ಆಲೂಗಡ್ಡೆಯೂ ಉಸಿರಾಡೋಕೆ ಬಳಸೋದು ಒಂದೇ ಥರದ ಪ್ರೋಟೀನ್!

1939ರಲ್ಲಿ ಪಿಎಚ್‌.ಡಿ. ಬಂತು. ಪ್ರಬಂಧ ಬರೀ 40 ಪುಟ. ಈಗ ನಮ್ಮಲ್ಲಿ ಪೀಠಿಕೆಗೇ ಅದಕ್ಕಿಂತ ಜಾಸ್ತಿ ಹೋಗುತ್ತೆ. ಊರಿಗೆ ಬಂದ ಮೇಲೆ ಬೇಳೆಕಾಳುಗಳ ಪ್ರೋಟೀನ್ ನೋಡಿದರು, ನೀರಾ (ತಾಳೆ ಜಾತಿಯ ಮರಗಳಿಂದ ಇಳಿಸೋ ಸಿಹಿ ರಸ) ನೋಡಿದರು. ಪೌಷ್ಟಿಕ ಆಹಾರ ಸಿಗದ ಬುಡಕಟ್ಟು ಮಕ್ಕಳಿಗೆ, ಬಸುರಿಯರಿಗೆ ನೀರಾ ಒಳ್ಳೆಯದು ಅಂತ ತೋರಿಸಿದರು. ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ನನ್ನನ್ನು ಕೇಳಿದರೆ, ಆಲೂಗಡ್ಡೆಗಿಂತ ದೊಡ್ಡ ಕೆಲಸ ಇದೇ. ಮುಂದಿನ ಸಲ ಮೇಜಿನ ಮೇಲೆ ನೀರಾ ಇಡೋಣ ಅಂತಿದ್ದೇನೆ. ಬೆಳಿಗ್ಗೆಯ ಕಾರ್ಯಕ್ರಮ ಆದರೆ ಮಾತ್ರ. ಬಿಸಿಲೇರಿದರೆ ಹುಳಿ ಬಂದು ಹೆಂಡ ಆಗುತ್ತೆ, ಆಮೇಲೆ ಪ್ರಿನ್ಸಿಪಾಲರಿಗೆ ಉತ್ತರ ಹೇಳೋರು ಯಾರು?