ಹಕ್ಕು ಬಿಡುಗಡೆ ಪತ್ರಕ್ಕೊಂದು ಸಹಿ

ಮನೆಯಲ್ಲಿ ನ್ಯಾಯ ಎಷ್ಟಿದೆ ಅನ್ನೋದು ಗೊತ್ತಾಗುವುದು ಆಸ್ತಿ ಭಾಗ ಮಾಡುವಾಗ. "ಮದುವೆಗೆ ಅಷ್ಟು ಖರ್ಚು ಮಾಡಿದ್ದೀವಲ್ಲ, ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಡ್ತೀವಿ, ಇಲ್ಲೊಂದು ಸಹಿ ಹಾಕಮ್ಮ" ಅಂತ ತವರಿನವರು ಮಗಳ ಮುಂದೆ ಹಕ್ಕು ಬಿಡುಗಡೆ ಪತ್ರ, ಅಂದರೆ ತನ್ನ ಪಾಲು ಬಿಟ್ಟುಕೊಡುವ ಪತ್ರ, ಇಡುತ್ತಾರೆ. ಅಣ್ಣನ ಮದುವೆಗೂ ಖರ್ಚಾಗಿತ್ತು ಅಲ್ವಾ? ಕರ್ನಾಟಕ 1994ರಲ್ಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರಿಗೂ ಸಿಕ್ಕಿತು, ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ತವರು ತಪ್ಪಿಹೋಗುತ್ತೆ ಅನ್ನೋ ಭಯಕ್ಕೇ ಎಷ್ಟೋ ಹೆಣ್ಣುಮಕ್ಕಳು ಸುಮ್ನೆ ಸಹಿ ಹಾಕುತ್ತಾರೆ. ಇಷ್ಟಪಟ್ಟು ಬಿಟ್ಟುಕೊಟ್ಟರೆ ಅದು ಅವಳ ಮನಸ್ಸು. ಆದರೆ ಮೊದಲು ಪತ್ರ ಪೂರ್ತಿ ಓದಿ ಹೇಳಿ, ಜಮೀನಿನ ಇವತ್ತಿನ ಬೆಲೆ ಹೇಳಿ, ಆಮೇಲೆ ಕೇಳಿ. ಅವಳು ಒಲ್ಲೆ ಅಂದರೂ ಗೌರಿ ಹಬ್ಬಕ್ಕೆ ಬಾಗಿನ ಕಳಿಸುವುದನ್ನು ನಿಲ್ಲಿಸಬೇಡಿ.